ಹೊಲಕ್ಕೆ ಹೊಡೆದ ಕಳೆನಾಶಕ ಎಲ್ಲಿಗೆ ಹೋಗುತ್ತದೆ?

ಸಂಕೇಶ್ವರದಿಂದ ನಿಪ್ಪಾಣಿಗೆ ಹೋಗುವ ಹೆದ್ದಾರಿಯಲ್ಲಿ ಕಣಗಲಾ ಗ್ರಾಮವು ಸಿಕ್ಕುತ್ತದೆ. ಹುಕ್ಕೇರಿ ತಾಲ್ಲೂಕಿನ ಈ ಅಂಚಿನಲ್ಲಿ ಕಬ್ಬು, ಸೋಯಾಬೀನ್, ಶೇಂಗಾ, ತಂಬಾಕು, ಜೋಳ ಇವು ಒಂದರ ಮಗ್ಗುಲಲ್ಲಿ ಒಂದು ಬೆಳೆಯುತ್ತವೆ. ಬೆಳೆ ಯಾವುದೇ ಆಗಲಿ, ಅದರ ಜೊತೆಗೆ ಕಳೆಯೂ ಬೆಳೆಯುವುದು. ನಮ್ಮ ಕಡೆಯಲ್ಲಿ ಅದಕ್ಕೆ ಕಸವೆಂದೇ ಹೆಸರು. ಕರಕಿ, ಜೇಕು ಮೊದಲಾದ ಹಳೆಯ ಶತ್ರುಗಳ ಸಾಲಿಗೆ 'ಕಾಂಗ್ರೆಸ್ ಕಸ'ವೆಂದು ಎಲ್ಲರೂ ಕರೆಯುವ ಪಾರ್ಥೇನಿಯಮ್ ಈಗ ಬಂದು ಸೇರಿದೆ. ಎಡೆಕುಂಟೆ ಹೊಡೆದು, ಕುರ್ಪಿ ಹಿಡಿದ ಹೆಣ್ಣಾಳುಗಳು ಸಾಲಾಗಿ ಕುಳಿತು ಕಸ ತೆಗೆಯುತ್ತಿದ್ದ ಕೆಲಸವನ್ನು ಇಂದು ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬನೇ ಆಳು ಅರ್ಧ ದಿನದಲ್ಲಿ ಮುಗಿಸುತ್ತಾನೆ. ಅವನು ಹೊಡೆಯತಕ್ಕ ದ್ರಾವಣಕ್ಕೆ ರೈತರು 'ಎಣ್ಣಿ' ಎನ್ನುತ್ತಾರೆ. ಕಳೆನಾಶಕಗಳಲ್ಲಿ ಬಹಳಷ್ಟು ನೀರಿನಲ್ಲಿ ಕಲಸುವ ಪುಡಿಗಳು ಇಲ್ಲವೆ ಲವಣಗಳ ದ್ರಾವಣಗಳು, ಎಣ್ಣೆಯಲ್ಲ. ಆದರೂ ಹೆಸರು ನಿಂತುಬಿಟ್ಟಿದೆ.

ಒಮ್ಮೆ ತರಗತಿ ಮುಗಿದ ಮೇಲೆ ಈ ಕಡೆಯ ಒಬ್ಬ ವಿದ್ಯಾರ್ಥಿಯು ನಮ್ಮನ್ನು ಕೇಳಿದನು: "ಸರ್, ಕಬ್ಬಿಗೆ ಎಣ್ಣಿ ಹೊಡದ ಹೊಲದಾಗ ನಮ್ಮ ಬಾವಿ ಐತ್ರಿ. ಅದರ ನೀರು ಕುಡೀಬಹುದೇನ್ರಿ?" ಹೌದೆಂದೂ ಇಲ್ಲವೆಂದೂ ಒಂದೇ ಮಾತಿನಲ್ಲಿ ಹೇಳುವುದು ಸಾಧ್ಯವಾಗಲಿಲ್ಲ. ಯಾವ ಔಷಧ, ಯಾವ ಮಣ್ಣು, ಹೊಡೆದು ಎಷ್ಟು ದಿನವಾಯಿತು, ಪಂಪನ್ನು ತೊಳೆದುದು ಎಲ್ಲಿ? ಇಷ್ಟನ್ನು ತಿಳಿಯದೆ ಉತ್ತರವಿಲ್ಲ. ಕಸವು ಒಣಗಿದೊಡನೆ ಔಷಧದ ಕಥೆ ಮುಗಿಯಿತೆಂದು ನಾವು ಎಣಿಸುತ್ತೇವೆ. ವಾಸ್ತವವಾಗಿ ಅದು ಆಗ ಮೊದಲಾಗುವುದು.

ಮೊದಲು ಒಂದು ಪ್ರಯೋಗವನ್ನು ಮಾಡೋಣ. ಕಾಲೇಜುಗಳಲ್ಲಿ ಸಸ್ಯಶಾಸ್ತ್ರದ ಪ್ರಯೋಗಶಾಲೆಯವರು ಎರಡು ವರ್ಣಕಗಳನ್ನು ಇಟ್ಟಿರುತ್ತಾರೆ. ಒಂದು ಮಿಥಿಲೀನ್ ನೀಲಿ, ಇನ್ನೊಂದು ಈಯೊಸಿನ್ ಎಂಬ ಕೆಂಪು. ನೀರಿನಲ್ಲಿ ಕರಗಿದಾಗ ನೀಲಿಯ ಕಣವು ಧನವಿದ್ಯುತ್ತನ್ನೂ ಕೆಂಪಿನ ಕಣವು ಋಣವಿದ್ಯುತ್ತನ್ನೂ ಹೊಂದಿರುತ್ತವೆ. ಒಂದು ಅಡಿ ಉದ್ದದ ಎರಡು ಗಾಜಿನ ನಳಿಗೆಗಳ ಬುಡಕ್ಕೆ ಹತ್ತಿಯನ್ನು ಗಿಡಿದು, ಎರೆಮಣ್ಣು ಒಂದು ಪಾಲು, ತೊಳೆದ ಮರಳು ಮೂರು ಪಾಲು ಬೆರೆಸಿ ತುಂಬಬೇಕು. (ಮರಳನ್ನು ಮರೆಯಬಾರದು. ನಾವು ಮೊದಲ ಸಲ ಬರಿಯ ಎರೆಮಣ್ಣನ್ನೇ ತುಂಬಿದೆವು. ಅದು ಉಬ್ಬಿ ಗಾರೆಯಂತೆ ಕುಳಿತಿತು, ಮಾರನೆಯ ದಿನವೂ ನೀರು ಮೇಲೆಯೇ ನಿಂತಿತ್ತು.) ಈಗ ಒಂದು ನಳಿಗೆಗೆ ತಿಳಿಯಾದ ನೀಲಿ ದ್ರಾವಣವನ್ನೂ ಇನ್ನೊಂದಕ್ಕೆ ತಿಳಿಯಾದ ಕೆಂಪು ದ್ರಾವಣವನ್ನೂ ಹೊಯ್ದು, ಮೇಲಿಂದ ಶುದ್ಧ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಬನ್ನಿ. ಕೆಂಪು ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಬಟ್ಟಲಿಗೆ ಇಳಿಯುವುದು. ನೀಲಿಯಾದರೋ ಮೇಲಿನ ಒಂದೆರಡು ಅಂಗುಲದಲ್ಲಿಯೇ ಕಚ್ಚಿಕೊಂಡು ಕುಳಿತಿರುವುದು. ಕೆಳಗೆ ಇಳಿಯುವ ನೀರು ಬಣ್ಣವಿಲ್ಲದ್ದು.

ಇದರ ಕಾರಣವು ಜೇಡಿಯ ಕಣಗಳ ರಚನೆಯಲ್ಲಿದೆ. ಎರೆಮಣ್ಣಿನಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ಇಸ್ಪೀಟಿನ ಎಲೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಪದರ ಪದರವಾಗಿರುತ್ತದೆ. ಪ್ರತಿಯೊಂದು ಪದರವೂ ಋಣವಿದ್ಯುತ್ತಿನಿಂದ ಕೂಡಿದ್ದು; ಪದರಗಳ ನಡುವೆ ನೀರು ನುಗ್ಗಿದರೆ ಅವು ದೂರ ಸರಿಯುತ್ತವೆ, ಒಣಗಿದರೆ ಮತ್ತೆ ಹತ್ತಿರವಾಗುತ್ತವೆ. ಈ ಪದರಗಳ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಒಂದು ಗ್ರಾಂ ಶುದ್ಧ ಖನಿಜದಿಂದ ೭೦೦–೮೦೦ ಚದರ ಮೀಟರು ಹಾಸಬಹುದು. ಎಂದರೆ ಐದಾರು ಗ್ರಾಂ ಖನಿಜದೊಳಗೆ ಒಂದು ಎಕರೆಯಷ್ಟು ನೆಲವು ಅಡಗಿದೆ! ಧನವಿದ್ಯುತ್ತಿನ ಕಣಗಳು ಈ ವಿಶಾಲವಾದ ಮೇಲ್ಮೈಗೆ ಹೋಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಅಧಿಶೋಷಣ ಎಂದು ಹೆಸರು. ಋಣವಿದ್ಯುತ್ತಿನ ಕಣಗಳನ್ನು ಅದೇ ಮೇಲ್ಮೈಯು ದೂರ ತಳ್ಳುವುದು.

ಕಳೆನಾಶಕಗಳಲ್ಲಿಯೂ ಇಂಥ ನೀಲಿಗಳೂ ಕೆಂಪುಗಳೂ ಉಂಟು. ೧೯೬೨ರಲ್ಲಿ ಮಾರಾಟಕ್ಕೆ ಬಂದ ಪ್ಯಾರಾಕ್ವಾಟ್ ನಮ್ಮ ನೀಲಿಯಂತೆ ಧನವಿದ್ಯುತ್ತುಳ್ಳದ್ದು. ಅದು ಎರೆಮಣ್ಣನ್ನು ಮುಟ್ಟಿದೊಡನೆ ಪದರಗಳ ನಡುವೆ ಹೊಕ್ಕು ಬಂದಿಯಾಗುತ್ತದೆ. ಆ ಬಂದಿಯನ್ನು ನೀರೂ ಬಿಡಿಸಲಾರದು, ಬೇರೂ ಬಿಡಿಸಲಾರದು. ಆದುದರಿಂದ ಅದು ಮಣ್ಣಿನ ಮೂಲಕ ಇಳಿದು ಬಾವಿಗೆ ಸೇರುವ ಸಂಭವವು ಬಹಳ ಕಡಿಮೆ. ಆದರೆ ಬಾವಿಗೆ ಇಳಿಯದೆಂಬ ಮಾತಿನಿಂದ ಮನುಷ್ಯನಿಗೆ ಅಪಾಯವಿಲ್ಲವೆಂದು ತಿಳಿಯಬಾರದು. ಈ ಔಷಧದ ಒಂದು ಗುಟುಕು ಹೊಟ್ಟೆಗೆ ಹೋದರೂ ಪ್ರಾಣಾಂತಿಕವಾಗಬಹುದು. ಅದಕ್ಕೆ ಪ್ರತಿವಿಷವೆಂಬುದು ಇಂದಿಗೂ ಇಲ್ಲ. ಕುಡಿಯುವ ನೀರಿನ ಬಾಟಲಿಯಲ್ಲಿ ಇದನ್ನು ತುಂಬಿಡುವ ಅಭ್ಯಾಸವನ್ನು ಕಂಡಾಗಲೆಲ್ಲ ನಮಗೆ ಮೈ ನಡುಗುತ್ತದೆ.

ನಮ್ಮ ಕೆಂಪಿನ ಜಾತಿಗೆ ಸೇರಿದುದು ೧೯೪೦ರ ದಶಕದಲ್ಲಿ ಹುಟ್ಟಿದ ೨,೪-ಡಿ. ಇದು ಒಂದು ಆಮ್ಲ. ನಮ್ಮ ಮಣ್ಣುಗಳಲ್ಲಿ ಇದು ಬಹುಮಟ್ಟಿಗೆ ಋಣವಿದ್ಯುತ್ತಿನ ಕಣವಾಗಿಯೇ ಇರುವುದರಿಂದ ಜೇಡಿಯು ಇದನ್ನು ಹಿಡಿಯುವುದಿಲ್ಲ. ನೀರು ಹೋದತ್ತ ಹೋಗುತ್ತದೆ. ಗ್ಲೈಫೊಸೇಟ್ ಇವೆರಡಕ್ಕೂ ಸೇರದ ವಿಚಿತ್ರ ಜಾತಿ. ಅಮೆರಿಕದ ಜಾನ್ ಫ್ರಾಂಟ್ಸ್ ಎಂಬ ರಸಾಯನಜ್ಞನು ಇದರ ಕಳೆನಾಶಕ ಗುಣವನ್ನು ೧೯೭೦ರಲ್ಲಿ ಕಂಡುಹಿಡಿದನು. ಇದೂ ಋಣವಿದ್ಯುತ್ತುಳ್ಳದ್ದೇ, ನೀರಿನಲ್ಲಿ ಚೆನ್ನಾಗಿ ಕರಗತಕ್ಕದ್ದೇ. ನಮ್ಮ ಲೆಕ್ಕದ ಪ್ರಕಾರ ಇದು ಈಯೊಸಿನ್ನಿನಂತೆ ಸರಸರನೆ ಇಳಿಯಬೇಕಾಗಿತ್ತು. ಹಾಗೆ ಇಳಿಯುವುದಿಲ್ಲ. ಇದರ ಅಣುವಿನ ಒಂದು ತುದಿಯಲ್ಲಿ ರಂಜಕದ ಗುಂಪೊಂದಿದೆ. ಆ ತುದಿಯಿಂದ ಅದು ಮಣ್ಣಿನ ಕಬ್ಬಿಣದ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆಳಗಾವಿ ಜಿಲ್ಲೆಯ ಪಶ್ಚಿಮಕ್ಕೆ ಹೋದಂತೆಲ್ಲ ಕಾಣುವ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಈ ಆಕ್ಸೈಡುಗಳು ಸಮೃದ್ಧವಾಗಿವೆ. ರಂಜಕದ ಗೊಬ್ಬರವೂ ಇದೇ ಜಾಗಕ್ಕೆ ಪೈಪೋಟಿ ನಡೆಸುತ್ತದೆಂಬುದನ್ನು ನೆನಪಿಡಬೇಕು. ಗೊಬ್ಬರವನ್ನು ಅತಿಯಾಗಿ ಸುರಿದರೆ ಕುಳಿತ ಗ್ಲೈಫೊಸೇಟ್ ಸ್ವಲ್ಪ ಎದ್ದು ಹೊರಡಬಹುದು.

ಕೆಸರು ನೀರಿನಲ್ಲಿ ಗ್ಲೈಫೊಸೇಟನ್ನಾಗಲಿ ಪ್ಯಾರಾಕ್ವಾಟನ್ನಾಗಲಿ ಕಲಸಿದರೆ ಕಸ ಸಾಯುವುದಿಲ್ಲವೆಂದು ಅನುಭವಸ್ಥ ರೈತರು ಹೇಳುವುದುಂಟು. ಅದು ಸರಿಯಾದ ಮಾತು. ಔಷಧವು ಎಲೆಯನ್ನು ಸೇರುವ ಮೊದಲೇ ಪಂಪಿನೊಳಗಿನ ಕೆಸರಿನ ಕಣಗಳನ್ನು ಸೇರಿಬಿಟ್ಟಿರುತ್ತದೆ. ಕೊಳವೆಬಾವಿಯ ಗಡುಸು ನೀರಿನಲ್ಲಿ ಸುಣ್ಣದ ಅಂಶವು ಗ್ಲೈಫೊಸೇಟನ್ನು ಹೀಗೆಯೇ ಹಿಡಿದಿಡುವುದು.

ಇನ್ನು ಕಬ್ಬಿನ ಹೊಲದ ಮುಖ್ಯ ಔಷಧಕ್ಕೆ ಬರೋಣ. ಅಟ್ರಜಿನ್ ೧೯೫೦ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರ ಕೈಯಿಂದ ಹೊರಬಂದುದು. ಕಬ್ಬು, ಜೋಳ, ಗೋವಿನಜೋಳ ಇವು ಅದನ್ನು ತಮ್ಮೊಳಗೇ ನಿರ್ವಿಷವಾಗಿ ಮಾಡಿಕೊಳ್ಳುತ್ತವೆ. ಇತರ ಗಿಡಗಳಲ್ಲಿ ಅದು ದ್ಯುತಿಸಂಶ್ಲೇಷಣೆಯನ್ನು ತಡೆಯುವುದು. ಇದರ ಅಣುವಿಗೆ ಸಾಧಾರಣ ಮಣ್ಣಿನಲ್ಲಿ ವಿದ್ಯುತ್ತಿಲ್ಲ. ಆದಕಾರಣ ಜೇಡಿಯು ಇದನ್ನು ಬಲವಾಗಿ ಸೆಳೆಯದು, ದೂರವೂ ತಳ್ಳದು. ಇದನ್ನು ತಡೆದು ನಿಲ್ಲಿಸತಕ್ಕದ್ದು ಮುಖ್ಯವಾಗಿ ಮಣ್ಣಿನಲ್ಲಿನ ಸಾವಯವ ಪದಾರ್ಥ, ಎಂದರೆ ಕೊಳೆತ ಬೇರು, ಎಲೆ, ಸಗಣಿ ಗೊಬ್ಬರಗಳ ಅಂಶ.

ಇಂಥ ಔಷಧವು ಎಷ್ಟು ವೇಗವಾಗಿ ಇಳಿಯುವುದೆಂಬುದನ್ನು ಲೆಕ್ಕ ಹಾಕಬಹುದು. ನೂರು ಜನ ಪ್ರಯಾಣಿಕರು ಒಂದು ಬಸ್ಸಿನ ದಾರಿಯಲ್ಲಿ ಹೋಗುವಾಗ ಪ್ರತಿಯೊಬ್ಬನೂ ಮಧ್ಯೆ ಮಧ್ಯೆ ಇಳಿದು ಕುಳಿತು ಮುಂದಿನ ಬಸ್ಸು ಹಿಡಿದನೆಂದರೆ, ಒಟ್ಟು ಗುಂಪು ಬಸ್ಸಿಗಿಂತ ನಿಧಾನವಾಗಿ ಸಾಗುವುದಷ್ಟೆ. ಹಾಗೆಯೇ ಔಷಧದ ಅಣುವು ಸ್ವಲ್ಪ ಹೊತ್ತು ನೀರಿನಲ್ಲಿ, ಸ್ವಲ್ಪ ಹೊತ್ತು ಮಣ್ಣಿನ ಕಣದ ಮೇಲೆ ಕಾಲ ಕಳೆಯುತ್ತದೆ. ಸಾವಯವ ಇಂಗಾಲವು ಶೇಕಡ ಅರ್ಧದಷ್ಟಿರುವ, ತೇವದಿಂದ ಕೂಡಿದ ಸಾಧಾರಣ ಮಣ್ಣಿನಲ್ಲಿ ಅಟ್ರಜಿನ್ನಿನ ವೇಗವು ನೀರಿನ ವೇಗದ ಎರಡೂವರೆ ಪಾಲಿಗೊಂದರಷ್ಟು ಬರುತ್ತದೆ. ನೀರು ೨೬ ಸೆಂಟಿಮೀಟರು ಇಳಿದರೆ ಔಷಧವು ೧೦ ಸೆಂಟಿಮೀಟರು. ಅದೇ ಮಣ್ಣಿನಲ್ಲಿ ೨,೪-ಡಿ ಸುಮಾರು ೨೦ ಸೆಂಟಿಮೀಟರು ಇಳಿದಿರುವುದು. ಸಗಣಿ ಗೊಬ್ಬರ ಹಾಕಿ ಇಂಗಾಲವನ್ನು ಶೇಕಡ ಒಂದಕ್ಕೆ ಏರಿಸಿದರೆ ಅಟ್ರಜಿನ್ನಿನ ಆ ೧೦ ಸೆಂಟಿಮೀಟರು ೬ಕ್ಕೆ ಇಳಿಯುತ್ತದೆ.

ಆದರೆ ಈ ಅಚ್ಚುಕಟ್ಟಾದ ಲೆಕ್ಕವು ನಮ್ಮ ಎರೆಭೂಮಿಯಲ್ಲಿ ಬೇಸಿಗೆಯ ಕೊನೆಗೆ ಮುರಿದುಬೀಳುತ್ತದೆ. ಒಣಗಿದಾಗ ಪದರಗಳು ಕುಗ್ಗುತ್ತವೆಂದು ಹೇಳಿದೆವಲ್ಲವೆ? ಹೊಲದ ಮಟ್ಟಿಗೆ ಅದರ ಅರ್ಥವೇನೆಂಬುದನ್ನು ಏಪ್ರಿಲ್ ತಿಂಗಳಿನಲ್ಲಿ ಎರೆ ಹೊಲದಲ್ಲಿ ನಡೆದವರು ಬಲ್ಲರು. ಕೈ ಹಿಡಿಸುವಷ್ಟು ಅಗಲವಾದ ಬಿರುಕುಗಳು! ಮೊದಲ ಜೋರು ಮಳೆಯು ಬಿದ್ದಾಗ ನೀರು ಮಣ್ಣಿನ ಕಣಕಣವನ್ನು ಹಾಯ್ದು ಇಳಿಯುವುದಿಲ್ಲ. ಬಿರುಕಿನ ದಾರಿಯಿಂದ ನೇರವಾಗಿ ಕೆಳಗೆ ಧುಮುಕುತ್ತದೆ. ಎಕರೆಗಟ್ಟಲೆ ಮೇಲ್ಮೈಯಿದ್ದೂ ಆಗ ಪ್ರಯೋಜನವಿಲ್ಲ. ಔಷಧವು ಅದನ್ನು ಮುಟ್ಟುವುದೇ ಇಲ್ಲ. ಮಣ್ಣಿಗೆ ಅಂಟಿಕೊಂಡ ಔಷಧವೂ ಕೊಚ್ಚಿಹೋಗುವ ನುಣ್ಣನೆಯ ಕಣಗಳ ಬೆನ್ನೇರಿ ಕೆಳಗೆ ಇಳಿಯಬಹುದು. ಸ್ವಲ್ಪ ಮಳೆಯಾಗಿ ಬಿರುಕುಗಳು ಮುಚ್ಚಿಕೊಂಡ ಮೇಲೆ ಔಷಧ ಹೊಡೆಯುವುದಕ್ಕೂ, ಬಾಯಿಬಿಟ್ಟ ನೆಲದ ಮೇಲೆ ಹೊಡೆಯುವುದಕ್ಕೂ ಹೀಗೆ ಬಹಳ ಅಂತರವುಂಟು.

ಇಳಿಯುವುದು ಒಂದು ಕಡೆ. ನಾಶವಾಗುವುದು ಇನ್ನೊಂದು ಕಡೆ. ಇವೆರಡರ ನಡುವೆ ಓಟದ ಪಂದ್ಯ ನಡೆಯುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಅರ್ಧಾಯುವಿನ ಪರಿಚಯವಿದೆ. ೨,೪-ಡಿಯ ಅರ್ಧಾಯು ಸಾಮಾನ್ಯವಾಗಿ ಸುಮಾರು ೧೦ ದಿನ, ಗ್ಲೈಫೊಸೇಟಿನದು ಸುಮಾರು ೪೭, ಅಟ್ರಜಿನ್ನಿನದು ಸುಮಾರು ೬೦. ಆದರೆ ರೇಡಿಯಮ್ಮಿನ ಪರಮಾಣುವಿಗೆ ಬಿಸಿಲೂ ಚಳಿಯೂ ಒಂದೇ. ಕಳೆನಾಶಕದ ಅರ್ಧಾಯು ಹಾಗಲ್ಲ. ಅದನ್ನು ಮುರಿಯುವವು ಬಹುಪಾಲು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ತೇವ ಬೇಕು, ಬೆಚ್ಚಗಿನ ಹವೆ ಬೇಕು, ತಿನ್ನಲು ಇಂಗಾಲ ಬೇಕು. ಅಟ್ರಜಿನ್ನನ್ನೇ ಆಹಾರವಾಗಿ ಮಾಡಿಕೊಳ್ಳುವ ಸ್ಯೂಡೊಮೋನಾಸ್ ಜಾತಿಯ ಬ್ಯಾಕ್ಟೀರಿಯವೊಂದನ್ನು ೧೯೯೦ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ವರ್ಣಿಸಿದರು. ಮೇಲುಮಣ್ಣಿನಲ್ಲಿ ಇಂಥ ಜೀವಿಗಳು ದಟ್ಟವಾಗಿವೆ. ಆಳಕ್ಕೆ ಹೋದಂತೆಲ್ಲ ವಿರಳ. ಆದುದರಿಂದ ಔಷಧವು ಬೇರಿನ ವಲಯವನ್ನು ದಾಟಿ ಅಂತರ್ಜಲಕ್ಕೆ ಮುಟ್ಟಿತೆಂದರೆ ಅದರ ಆಯುಸ್ಸು ಬಹಳವಾಗಿ ಬೆಳೆಯುತ್ತದೆ. ಜರ್ಮನಿಯು ಅಟ್ರಜಿನ್ನನ್ನು ೧೯೯೧ರಲ್ಲಿಯೇ ನಿಷೇಧಿಸಿತು. ದಶಕಗಳು ಕಳೆದ ಮೇಲೆಯೂ ಅಲ್ಲಿನ ಅಂತರ್ಜಲದಲ್ಲಿ ಅದರ ಮತ್ತು ಅದರಿಂದ ಹುಟ್ಟಿದ ವಸ್ತುಗಳ ಸುಳಿವು ಸಿಕ್ಕುತ್ತಲೇ ಬಂದಿತು.

ಮಣ್ಣಿನ ಆಮ್ಲತೆಯೂ ಅಟ್ರಜಿನ್ನಿನ ಭಾಗ್ಯವನ್ನು ನಿರ್ಣಯಿಸುವುದು. ಸ್ವಲ್ಪ ಹುಳಿಯಾದ ಮಣ್ಣಿನಲ್ಲಿ ಅದು ನೀರಿನೊಡನೆ ವರ್ತಿಸಿ ಗಿಡಗಳಿಗೆ ವಿಷವಲ್ಲದ ವಸ್ತುವಾಗಿ ಮಾರ್ಪಡುತ್ತದೆ. ಕ್ಷಾರದ ಮಣ್ಣಿನಲ್ಲಿ ಈ ಕ್ರಿಯೆಯು ನಿಧಾನ, ಅಧಿಶೋಷಣವೂ ಕಡಿಮೆ. ಘಟಪ್ರಭೆಯ ಕಾಲುವೆಗಳ ಕೆಳಗೆ, ಗೋಕಾಕ–ಮೂಡಲಗಿಗಳ ಕಡೆ, ಅತಿಯಾಗಿ ನೀರುಂಡು ಸವಳು–ಜವಳಾದ ಎರೆಭೂಮಿಗಳನ್ನು ವಾಚಕರು ನೋಡಿರಬಹುದು. ಅಂಥ ನೆಲದಲ್ಲಿ ಅಟ್ರಜಿನ್ ಹೆಚ್ಚು ಕಾಲ ಉಳಿಯುವುದೆಂದು ನಿರೀಕ್ಷಿಸಬೇಕು. ಕಬ್ಬು ಕಡಿದ ಮೇಲೆ ಸೋಯಾಬೀನನ್ನೋ ತರಕಾರಿಯನ್ನೋ ಬಿತ್ತುವವನಿಗೆ ಇದು ಕೇವಲ ಪುಸ್ತಕದ ವಿಷಯವಲ್ಲ; ಹಿಂದಿನ ಬೆಳೆಯ ಮಿತ್ರನು ಮುಂದಿನ ಬೆಳೆಯ ಶತ್ರುವಾಗಬಹುದು.

ಇಳಿಯುವಿಕೆ, ನಾಶ ಇವೆರಡನ್ನೂ ಒಂದುಗೂಡಿಸಿ ೧೯೮೯ರಲ್ಲಿ ಗುಸ್ತಾಫ್ಸನ್ ಎಂಬಾತನು ಒಂದು ಸರಳ ಸೂತ್ರವನ್ನು ಸೂಚಿಸಿದನು. ಲಾಗರಿತಮ್ ಕೋಷ್ಟಕವಿದ್ದರೆ ಯಾರೂ ಲೆಕ್ಕ ಹಾಕಬಹುದು. ಸಾವಯವ ಇಂಗಾಲವು ಔಷಧವನ್ನು ಹಿಡಿಯುವ ಬಲಕ್ಕೆ ಒಂದು ಸಂಖ್ಯೆಯುಂಟು: ೨,೪-ಡಿಗೆ ಸುಮಾರು ೨೦, ಅಟ್ರಜಿನ್ನಿಗೆ ೧೦೦, ಗ್ಲೈಫೊಸೇಟಿಗೆ ೨೪,೦೦೦. ಇದರ ಲಾಗರಿತಮ್ಮನ್ನು ೪ರಿಂದ ಕಳೆದು, ಬಂದುದನ್ನು ಅರ್ಧಾಯುವಿನ ಲಾಗರಿತಮ್ಮಿನಿಂದ ಗುಣಿಸಬೇಕು. ಉತ್ತರವು ೨.೮ನ್ನು ಮೀರಿದರೆ ಔಷಧವು ಅಂತರ್ಜಲಕ್ಕೆ ಇಳಿಯುವ ಜಾತಿಯದು, ೧.೮ಕ್ಕಿಂತ ಕಡಿಮೆಯಾದರೆ ಅಲ್ಲ. ಅಟ್ರಜಿನ್ನಿಗೆ ೩.೬ ಬರುತ್ತದೆ. ಗ್ಲೈಫೊಸೇಟಿಗೆ ಸೊನ್ನೆಗಿಂತಲೂ ಕಡಿಮೆ. ೨,೪-ಡಿಗೆ ೨.೭: ಓಡುವ ಕಾಲು ಚುರುಕಾದರೂ ಆಯುಸ್ಸು ಗಿಡ್ಡವಾದ್ದರಿಂದ ಮಧ್ಯಮ ವರ್ಗ. ಬಿರುಕಿನ ವಿಷಯವನ್ನು ಈ ಸೂತ್ರವು ತಿಳಿಯದು. ಆದುದರಿಂದ ಇದನ್ನು ವೇದವಾಕ್ಯವೆಂದು ನಂಬಬಾರದು.

ಈಗ ಬಾವಿಯ ಪ್ರಶ್ನೆ. ಭಾರತೀಯ ಮಾನಕ ಸಂಸ್ಥೆಯ ೨೦೧೨ರ ಕುಡಿಯುವ ನೀರಿನ ಮಾನಕದಲ್ಲಿ ಅಟ್ರಜಿನ್ನಿನ ಮಿತಿಯು ಒಂದು ಲೀಟರಿಗೆ ೨ ಮೈಕ್ರೊಗ್ರಾಂ, ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೆರಡು ಪಾಲು, ೨,೪-ಡಿಗೆ ೩೦. ಯೂರೋಪಿನವರು ಯಾವ ಔಷಧಕ್ಕೇ ಆಗಲಿ ೦.೧ಕ್ಕಿಂತ ಹೆಚ್ಚು ಕೂಡದೆನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಅಟ್ರಜಿನ್ನಿಗೆ ೧೦೦ರವರೆಗೆ ಒಪ್ಪಿದೆ. ಒಂದೇ ವಸ್ತುವಿಗೆ ಇಷ್ಟು ಅಂತರವೇಕೆ? ಯೂರೋಪಿನ ಮಿತಿಯು ವಿಷದ ಅಳತೆಯಲ್ಲ. ನೀರಿನಲ್ಲಿ ಅದು ಇರಲೇಬಾರದೆಂಬ ನಿಲುವು. ಇತರ ಮಿತಿಗಳು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬಂದವು, ಅವುಗಳಲ್ಲಿ ಸುರಕ್ಷತೆಗಾಗಿ ಬಹಳ ಅವಕಾಶವನ್ನು ಬಿಟ್ಟಿರುತ್ತಾರೆ. ಮಿತಿಯನ್ನು ಮೀರಿದ ನೀರನ್ನು ಕುಡಿದವನು ಅಂದೇ ಹಾಸಿಗೆ ಹಿಡಿಯುತ್ತಾನೆಂದಲ್ಲ. ವರ್ಷಗಟ್ಟಲೆ ಕುಡಿಯಬಾರದೆಂದು ಅರ್ಥ. ನಮ್ಮ ಮಟ್ಟಿಗೆ ನಮ್ಮ ದೇಶದ ಮಿತಿಯನ್ನೇ ಹಿಡಿಯೋಣ.

ಹೆಕ್ಟೇರಿಗೆ ೧ ಕಿಲೋಗ್ರಾಂ ಅಟ್ರಜಿನ್ ಹೊಡೆದರೆಂದು ಇಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ೧೦೦ ಮಿಲಿಗ್ರಾಂ ಬೀಳುತ್ತದೆ. ಹೊಡೆದ ಕೆಲವೇ ದಿನಗಳಲ್ಲಿ ಜೋರು ಮಳೆ ಬಂದು, ಹೊಡೆದುದರಲ್ಲಿ ಶೇಕಡ ಅರ್ಧದಷ್ಟು ಮಾತ್ರ ಕೊಚ್ಚಿಹೋಯಿತು. ಹರಿದ ನೀರು ಚದರ ಮೀಟರಿಗೆ ೧೦ ಲೀಟರು. ಆಗ ಹಳ್ಳಕ್ಕೆ ಸೇರುವ ಆ ನೀರಿನಲ್ಲಿ ಲೀಟರಿಗೆ ೫೦ ಮೈಕ್ರೊಗ್ರಾಂ ಇರುವುದು. ಮಿತಿಯ ಇಪ್ಪತ್ತೈದು ಪಟ್ಟು. ಈ ಹಳ್ಳದ ನೀರು ಹಿರಣ್ಯಕೇಶಿಗೆ, ಅಲ್ಲಿಂದ ಘಟಪ್ರಭೆಗೆ ಸೇರುವಷ್ಟರಲ್ಲಿ ತೆಳುವಾಗುವುದು ನಿಜ. ಆದರೆ ಹಳ್ಳದಲ್ಲಿಯೇ ಬಾಳುವ ಪಾಚಿ, ಕಪ್ಪೆಮರಿಗಳಿಗೆ ಆ ಅನುಕೂಲವಿಲ್ಲ. ಕಪ್ಪೆಗಳ ಲೈಂಗಿಕ ಬೆಳವಣಿಗೆಯನ್ನು ೦.೧ ಮೈಕ್ರೊಗ್ರಾಮಿನಷ್ಟು ಅಟ್ರಜಿನ್ನೇ ಕೆಡಿಸುವುದೆಂದು ಟೈರೋನ್ ಹೇಯ್ಸ್ ೨೦೦೨ರಲ್ಲಿ ಪ್ರಕಟಿಸಿದರು. ಬೇರೆ ಕೆಲವರಿಗೆ ಅದೇ ಫಲ ಸಿಕ್ಕಲಿಲ್ಲ, ವಾದವು ಬಹುಕಾಲ ನಡೆಯಿತು. ಒಂದೆರಡು ವಾರ ಮಳೆ ತಡೆದು ಬಂದಿದ್ದರೆ ಕೊಚ್ಚಿಹೋಗುವ ಪಾಲು ಬಹಳ ಕಡಿಮೆಯಾಗುತ್ತಿತ್ತೆಂಬುದು ಮಾತ್ರ ನಿರ್ವಿವಾದ.

ಇಷ್ಟೆಲ್ಲಕ್ಕಿಂತ ದೊಡ್ಡ ಅಪಾಯವೊಂದಿದೆ. ಅದಕ್ಕೆ ಬಿರುಕೂ ಬೇಡ, ಮಳೆಯೂ ಬೇಡ. ಆರು ಮೀಟರು ಅಡ್ಡಗಲದ ತೆರೆದ ಬಾವಿಯಲ್ಲಿ ಐದು ಮೀಟರು ನೀರಿದೆಯೆನ್ನೋಣ. ಸುಮಾರು ೧ ಲಕ್ಷ ೪೧ ಸಾವಿರ ಲೀಟರು. ಇದನ್ನು ಮಿತಿಗೆ ಮುಟ್ಟಿಸಲು ಬೇಕಾದ ಅಟ್ರಜಿನ್ ೦.೨೮ ಗ್ರಾಂ! ಅಂಗಡಿಯ ಪುಡಿಯಲ್ಲಿ ಅರ್ಧ ಪಾಲು ಔಷಧವಿದ್ದರೆ, ಆ ಪುಡಿಯ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಬೆರಳಿನ ಒಂದು ಚಿಟಿಕೆ. ಬಾವಿಯ ಕಟ್ಟೆಯ ಮೇಲೆ ಪುಡಿಯನ್ನು ಕಲಸುವವನ ಕೈಯಿಂದ ಗಾಳಿಗೆ ಹಾರುವುದೂ, ಅಲ್ಲಿಯೇ ತೊಳೆದ ಪಂಪಿನ ತಳದಲ್ಲಿ ಉಳಿದಿದ್ದುದೂ ಇದಕ್ಕೆ ಸಾಕು. ಇಡೀ ಹೊಲಕ್ಕೆ ಹೊಡೆದುದು ಮಣ್ಣಿನ ಸೋಸಣಿಗೆಯನ್ನು ಹಾಯ್ದು ಬರಬೇಕು. ಕಟ್ಟೆಯ ಮೇಲೆ ಚೆಲ್ಲಿದುದಕ್ಕೆ ಯಾವ ಸೋಸಣಿಗೆಯೂ ಇಲ್ಲ. ಆ ವಿದ್ಯಾರ್ಥಿಗೆ ನಾವು ಮೊದಲು ಕೇಳಿದ ಮರುಪ್ರಶ್ನೆಯು ಇದೇ ಆಗಿತ್ತು. ಅವನು ಸ್ವಲ್ಪ ಸುಮ್ಮನಿದ್ದು, "ಬಾವಿ ಕಟ್ಟಿ ಮ್ಯಾಲೇ ತೊಳೀತಾರ್ರಿ" ಎಂದನು. ಹೊಲದ ನಡುವೆ, ಬಾವಿಯಿಂದಲೂ ಹಳ್ಳದಿಂದಲೂ ದೂರವಾಗಿ ತೊಳೆದು ಆ ನೀರನ್ನು ಔಷಧ ಹೊಡೆದ ಸಾಲಿನ ಮೇಲೆಯೇ ಚೆಲ್ಲುವಂತೆ ಮನೆಯವರಿಗೆ ಹೇಳೆಂದೆವು, ಅಲ್ಲಿ ಸೂಕ್ಷ್ಮಜೀವಿಗಳಿವೆ. ಬಾವಿಯ ನೀರಿನಲ್ಲಿ ಔಷಧ ಇದೆಯೋ ಇಲ್ಲವೋ ಎಂಬುದನ್ನು ಕಣ್ಣು, ಮೂಗು, ನಾಲಗೆಗಳಿಂದ ತಿಳಿಯಲಾಗದು, ಕುದಿಸಿದರೂ ಹೋಗದು. ಅದಕ್ಕೆ ಕ್ರೊಮ್ಯಾಟೊಗ್ರಾಫ್ ಇರುವ ಪ್ರಯೋಗಶಾಲೆಯೇ ಬೇಕು.

ಗಾಳಿಯ ಮಾತನ್ನೂ ಸ್ವಲ್ಪ ಹೇಳಬೇಕು. ೨,೪-ಡಿಯ ಕೆಲವು ರೂಪಗಳು ಬಿಸಿಲಿಗೆ ಆವಿಯಾಗಿ ತೇಲುತ್ತವೆ. ಹತ್ತಿ, ದ್ರಾಕ್ಷಿ, ತಂಬಾಕು ಇವು ಅದರ ಅತ್ಯಲ್ಪ ಪ್ರಮಾಣಕ್ಕೂ ಎಲೆ ಮುದುಡಿಕೊಳ್ಳುತ್ತವೆ. ಕಣಗಲಾದ ಕಡೆಯಂತೆ ಕಬ್ಬಿನ ಮಗ್ಗುಲಲ್ಲೇ ತಂಬಾಕು ಇರುವಲ್ಲಿ ಮಧ್ಯಾಹ್ನದ ಗಾಳಿಯಲ್ಲಿ ಇದನ್ನು ಹೊಡೆಯುವುದು ನೆರೆಯವನೊಡನೆ ಜಗಳವನ್ನು ಬಿತ್ತಿದಂತೆ.

ನೀರಿನ ಪರೀಕ್ಷೆ ಕಷ್ಟವಾದರೂ ಮಣ್ಣಿನ ಪರೀಕ್ಷೆಯನ್ನು ಯಾವ ವಿದ್ಯಾರ್ಥಿಯೂ ಮನೆಯಲ್ಲಿ ಮಾಡಬಹುದು. ಕಬ್ಬು ತೆಗೆದ ಹೊಲದಲ್ಲಿ ಹತ್ತಾರು ಕಡೆಯಿಂದ, ಮೇಲಿನ ಗೇಣುದ್ದದ ಮಣ್ಣನ್ನು ತೆಗೆದು ಬೆರೆಸಿ ಎರಡು ಕುಂಡಗಳಿಗೆ ತುಂಬಿರಿ. ಔಷಧ ಕಾಣದ ಬದುವಿನಿಂದ ಅದೇ ಜಾತಿಯ ಮಣ್ಣನ್ನು ತಂದು ಮೂರನೆಯದಕ್ಕೆ ತುಂಬಿರಿ. ಹೊಲದ ಮಣ್ಣಿನ ಎರಡು ಕುಂಡಗಳಲ್ಲಿ ಒಂದಕ್ಕೆ ಮಾತ್ರ, ನೀರು ಶುದ್ಧಿಮಾಡಲು ಬಳಸುವ ಸಕ್ರಿಯ ಇದ್ದಿಲಿನ ನುಣ್ಣನೆಯ ಪುಡಿಯನ್ನು ಒಂದೆರಡು ಚಮಚೆ ಚೆನ್ನಾಗಿ ಕಲಸಿರಿ. ಮೂರರಲ್ಲಿಯೂ ಸೋಯಾಬೀನ್ ಇಲ್ಲವೆ ಸವತೆಯ ಬೀಜಗಳನ್ನು ಹಾಕಿ, ಒಳ್ಳೆಯ ಬಿಸಿಲಿನಲ್ಲಿ ಇಟ್ಟು ನೀರುಣಿಸುತ್ತ ಮೂರು ವಾರ ಕಾಯಬೇಕು. ಮೊಳಕೆಯು ಎಲ್ಲದರಲ್ಲಿಯೂ ಬರುವುದು. ಅದನ್ನು ಕಂಡು ಮೋಸಹೋಗಬಾರದು. ಬೀಜದಲ್ಲಿನ ಸಂಗ್ರಹವು ತೀರಿ ಗಿಡವು ತನ್ನ ಎಲೆಯ ದುಡಿಮೆಯಿಂದಲೇ ಬದುಕಬೇಕಾದಾಗ ಅಟ್ರಜಿನ್ ತನ್ನ ಗುಣವನ್ನು ತೋರುತ್ತದೆ: ಹಳೆಯ ಎಲೆಗಳ ಅಂಚು ಹಳದಿಯಾಗಿ, ಆಮೇಲೆ ಸುಟ್ಟಂತೆ ಒಣಗುವುದು. ಬದುವಿನ ಮಣ್ಣಿನ ಸಸಿ ಹಸುರಾಗಿದ್ದು ಹೊಲದ ಮಣ್ಣಿನ ಸಸಿ ಹೀಗೆ ಹಳದಿಯಾದರೆ ಸಂಶಯಪಡಬೇಕು. ಆದರೂ ಅದು ಸವಳಿನಿಂದಲೋ ಗೊಬ್ಬರದ ಕೊರತೆಯಿಂದಲೋ ಆಗಿರಬಹುದಷ್ಟೆ. ಅದನ್ನು ಬಿಡಿಸಿ ಹೇಳುವುದು ಇದ್ದಿಲಿನ ಕುಂಡ. ಇದ್ದಿಲು ಅಟ್ರಜಿನ್ನನ್ನು ಹೀರಿ ಹಿಡಿಯುತ್ತದೆ, ಸವಳನ್ನು ಹಿಡಿಯಲಾರದು. ಅದೇ ಹೊಲದ ಮಣ್ಣಿನಲ್ಲಿ ಇದ್ದಿಲು ಬೆರೆಸಿದ ಕುಂಡದ ಸಸಿ ಮಾತ್ರ ಹಸುರಾಗಿ ನಿಂತಿದ್ದರೆ, ಆ ಹೊಲಕ್ಕೆ ಈ ಸಲ ಸೋಯಾಬೀನ್ ಬೇಡ. ಜೋಳವನ್ನೋ ಗೋವಿನಜೋಳವನ್ನೋ ಬಿತ್ತಬಹುದು.